ಪಡಸಾಲೆಯ ಕುರುಕ್ಷೇತ್ರ

ಸಣ್ಣ ಮಕ್ಕಳೊಡನೆ ಯುದ್ಧದ ಆಟವನ್ನು ಆಡಬಹುದೇ ಎಂದು ಗೃಹಸ್ಥರನೇಕರು ಕೇಳುವದುಂಟು. ಐದಾರು ವರುಷದ ಹುಡುಗನ ಕೈಗೆ ಕೋಲು ಸಿಕ್ಕರೆ ಅದು ಗದೆಯಾಗುವದು. ಹೆಗಲಿಗೆ ಪಂಚೆ ಸಿಕ್ಕರೆ ಅವನು ಆಕಾಶಗಾಮಿಯಾಗುವನು. ನಾವು ಬೇಡವೆಂದರೂ ಅವನು ಯುದ್ಧವನ್ನು ಆಡಿಯೇ ಆಡುವನು. ಆದುದರಿಂದ ವಿಚಾರಿಸತಕ್ಕದ್ದು ಆಟವು ಬೇಕೋ ಬೇಡವೋ ಎಂಬದಲ್ಲ. ಆ ಆಟದಲ್ಲಿ ಹಿರಿಯರು ಹೇಗೆ ಕೂಡಬೇಕೆಂಬದು.

ವೀರರಿಗೆ ನಮ್ಮ ಸೀಮೆಯಲ್ಲಿ ಬರಗಾಲವಿಲ್ಲ. ಗದಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸನು ಹಾಡಿದ ಹತ್ತು ಪರ್ವಗಳಲ್ಲಿ ಕೊನೆಯದು ಭೀಮ ದುರ್ಯೋಧನರ ಗದಾಯುದ್ಧವನ್ನು ಹೇಳುವದು. ಅದೇ ಕಾಳಗವನ್ನು ರನ್ನನು ಅದಕ್ಕೂ ಮೊದಲೇ ಕಾವ್ಯವಾಗಿಸಿದ್ದನು. ಅರ್ಜುನನ ವಿಜಯವನ್ನು ಹೇಳಿದ ಪಂಪನಂತೂ ತನ್ನ ನುಡಿಯು ಪುಲಿಗೆರೆಯದು, ಎಂದರೆ ಈಗಿನ ಲಕ್ಷ್ಮೇಶ್ವರದ್ದು, ಎಂದು ಅಭಿಮಾನಪಟ್ಟವನು. ಆದರೆ ಈಗಿನ ಬಾಲಕರಿಗೆ ಇವರ ಜೊತೆಗೆ ಪರದೇಶದ ವೀರರೂ ಪರಿಚಿತರು. 1938ರಲ್ಲಿ ಅಮೇರಿಕೆಯ ಚಿತ್ರಪತ್ರಿಕೆಯಲ್ಲಿ ಸೂಪರ್‌ಮ್ಯಾನನು ಹುಟ್ಟಿದನು. 1962ರಲ್ಲಿ ಸ್ಪೈಡರ್‌ಮ್ಯಾನನು ಬಂದನು. ಈ ಎರಡನೆಯವನ ಕಥೆಯಲ್ಲಿ ತಿರುಳೂ ಇಲ್ಲದಿಲ್ಲ. ಅವನು ಅಲಕ್ಷ್ಯದಿಂದ ಓಡಗೊಟ್ಟ ಕಳ್ಳನೇ ಅವನನ್ನು ಸಾಕಿದ ಚಿಕ್ಕಪ್ಪನನ್ನು ಕೊಲ್ಲುವನು. ಬಲವುಳ್ಳವನಿಗೆ ಕರ್ತವ್ಯವೂ ಉಂಟೆಂದು ಅವನು ಆಗ ಅರಿಯುವನು. ಇಂಥವನನ್ನು ಭೀಮನ ಮಗ್ಗುಲಿಗೆ ಕೂಡ್ರಿಸಲು ಅಡ್ಡಿಯಿಲ್ಲ.

ನಮ್ಮ ಮನೆಯಲ್ಲಿ ಆರು ವರುಷದ ಮೊಮ್ಮಗನೊಡನೆ ನಾನು ಆಡುವ ಆಟದ ರೀತಿಯು ಹೀಗಿದೆ. ಬೆಟಗೇರಿಯ ಸೀರೆಯೊಡನೆ ಬಂದ ರಟ್ಟಿನ ಪೆಟ್ಟಿಗೆಯನ್ನು ಕತ್ತರಿಸಿ ಆರು ಚೀಟಿ ಮಾಡಬೇಕು. ಒಂದೊಂದರ ಮೇಲೆ ಒಬ್ಬೊಬ್ಬ ವೀರನ ಚಿತ್ರವನ್ನು ಹುಡುಗನೇ ಬರೆಯಲಿ. ಇಬ್ಬರಿಗೂ ಮೂರು ಮೂರು ವೀರರು; ಒಬ್ಬೊಬ್ಬ ವೀರನ ಮುಂದೆ ಐದೈದು ಹುಣಸೆಯ ಬೀಜಗಳು, ಅವೇ ಅವನ ಕಸುವು. ಗದಗ ಪೇಟೆಯಲ್ಲಾಗಲಿ, ಶಿರಹಟ್ಟಿ ಮುಂಡರಗಿಗಳ ಸಂತೆಯಲ್ಲಾಗಲಿ ಕೊಂಡು ತರತಕ್ಕದ್ದು ಎರಡು ದಾಳಗಳಷ್ಟೇ. ಇಬ್ಬರೂ ಒಂದೊಂದು ದಾಳವನ್ನು ಉರುಳಿಸಬೇಕು. ಕಡಿಮೆ ಬಿದ್ದವನ ವೀರನು ಒಂದು ಬೀಜವನ್ನು ಕಳೆದುಕೊಳ್ಳುವನು. ಸಮ ಬಿದ್ದರೆ ಯಾರಿಗೂ ಪೆಟ್ಟಿಲ್ಲ. ಆಟಕ್ಕೊಮ್ಮೆ ಮಾತ್ರ ಪ್ರತಿಯೊಬ್ಬ ವೀರನೂ ತನ್ನ ವಿಶೇಷವನ್ನು ತೋರಬಹುದು: ಹನುಮಂತನು ಹಾರಿ ಒಂದು ಪೆಟ್ಟನ್ನು ತಪ್ಪಿಸಿಕೊಳ್ಳುವನು, ಭೀಮನ ಗದೆಯು ಎರಡು ಬೀಜಗಳನ್ನು ಕೆಡಹುವದು, ಸ್ಪೈಡರ್‌ಮ್ಯಾನನ ಬಲೆಯಲ್ಲಿ ಸಿಕ್ಕವನು ಒಂದು ಸರತಿ ಸುಮ್ಮನಿರುವನು. ಕೂಡಿಸುವ ಕಳೆಯುವ ಲೆಕ್ಕಗಳು ಹುಡುಗನಿಗೆ ಗೊತ್ತಾಗದಂತೆ ಅಭ್ಯಾಸವಾಗುವವು.

ಇಲ್ಲಿಗೆ ಮುಖ್ಯವಾದ ಪ್ರಶ್ನೆಯು ಬರುವದು. ಮಗುವು ಸೋಲತೊಡಗಿ ಅದರ ಕಣ್ಣಲ್ಲಿ ನೀರು ತುಂಬಿದಾಗ ಹಿರಿಯನು ಏನು ಮಾಡಬೇಕು? ಹೆಚ್ಚಿನವರು ಬೇಕೆಂತಲೇ ಸೋಲುವರು. ಅದು ವಾತ್ಸಲ್ಯವೇ ಸರಿ. ಆದರೆ ಆ ವಾತ್ಸಲ್ಯದೊಳಗೊಂದು ಸುಳ್ಳು ಅಡಗಿದೆ. ಮಕ್ಕಳು ಅದನ್ನು ನಾವು ತಿಳಿದುದಕ್ಕಿಂತ ಬೇಗನೆ ಕಂಡುಹಿಡಿಯುವರು. ಕಂಡುಹಿಡಿದ ದಿನ ಹಿಂದಿನ ಗೆಲವುಗಳೆಲ್ಲ ಒಮ್ಮೆಲೇ ಹುಸಿಯಾಗುವವು. ಅಜ್ಜನ ಹೊಗಳಿಕೆಯ ಮೇಲೆ ಇದ್ದ ನಂಬಿಗೆಯೂ ಆ ದಿನವೇ ಸಡಿಲುವದು.

ಇದಕ್ಕಿಂತ ಪ್ರಾಮಾಣಿಕವಾದ ಉಪಾಯವೊಂದುಂಟು. ಆಟದ ಮೊದಲೇ, "ನೀನು ಸಣ್ಣವನು, ಅದಕ್ಕ ನಿನ್ನ ದಾಳಕ್ಕ ಒಂದು ಹೆಚ್ಚು" ಎಂದು ಬಹಿರಂಗವಾಗಿ ಹೇಳಿಬಿಡುವದು. ಇದರ ಫಲವನ್ನು ಲೆಕ್ಕ ಹಾಕಿ ನೋಡಿರಿ. ಎರಡು ದಾಳಗಳು ಬೀಳುವ ಬಗೆಗಳು ಒಟ್ಟು 36. ಇಬ್ಬರೂ ಸಮಬಲರಾದರೆ ಒಬ್ಬೊಬ್ಬರ ಪಾಲಿಗೆ 15 ಗೆಲವುಗಳು. ಉಳಿದ 6 ಸಮ. ಹುಡುಗನಿಗೆ ಒಂದನ್ನು ಕೂಡಿಸಿಕೊಟ್ಟರೆ ಅವನಿಗೆ 21, ಅಜ್ಜನಿಗೆ 10, ಸಮ 5. ಅಷ್ಟು ಸಣ್ಣ ಅನುಕೂಲದಿಂದ ಅವನು ಕೊಡುವ ಪೆಟ್ಟುಗಳು ತಿನ್ನುವ ಪೆಟ್ಟುಗಳ ಇಮ್ಮಡಿಗಿಂತ ಮಿಗಿಲಾಗುವವು. ಆದರೂ ಅವನು ಸೋಲುವ ಸಂಭವವು ಉಳಿದೇ ಇರುವದು. ಹಿರಿಯನು ಮನಃಪೂರ್ವಕವಾಗಿ ಆಡಬಹುದು, ಕಿರಿಯನು ನಿಜವಾಗಿ ಗೆಲ್ಲಬಹುದು. ಮೇಲಿಂದ ಮೇಲೆ ಗೆಲ್ಲತೊಡಗಿದ ಮೇಲೆ ಹುಡುಗನು ತಾನೇ, "ಅಜ್ಜಾ, ಇನ್ನ ಆ ಒಂದು ನನಗ ಬ್ಯಾಡ" ಎನ್ನುವನು. ಆ ಮಾತಿನ ಬೆಲೆಯು ನೂರು ಸುಳ್ಳು ಗೆಲವುಗಳಿಗೂ ಇಲ್ಲ.

ಎರಡನೆಯದು ಕಟ್ಟಳೆಯ ಮಾತು. ಸೋಲು ಹತ್ತಿರವಾದಾಗ, "ದಾಳ ಸರಿಯಾಗಿ ಉರುಳಿಲ್ಲ, ಮತ್ತೊಮ್ಮೆ ಹಾಕ್ತೀನಿ" ಎನ್ನದ ಮಗುವಿಲ್ಲ. ಗದರಿಸಬೇಕಾಗಿಲ್ಲ. "ಮುಂದಿನ ಆಟಕ್ಕ ಹಂಗ ಕಟ್ಟಳೆ ಮಾಡೋಣಪಾ, ಈ ಆಟ ಮೊದಲಿನ ಕಟ್ಟಳೆಯಂಗ ಮುಗೀಲಿ" ಎಂದರೆ ಸಾಕು. ಕುರುಕ್ಷೇತ್ರದಲ್ಲಿಯೂ ಯುದ್ಧಕ್ಕೆ ಮೊದಲು ಎರಡೂ ಪಕ್ಷದವರು ಕೂಡಿ ನಿಯಮಗಳನ್ನು ಮಾಡಿಕೊಂಡಿದ್ದರು: ರಥಿಕನಿಗೆ ರಥಿಕನೇ ಎದುರಾಗಬೇಕು, ಆಯುಧವಿಲ್ಲದವನನ್ನು ಹೊಡೆಯಕೂಡದು. ಅಭಿಮನ್ಯುವನ್ನು ಹಲವರು ಸುತ್ತುಗಟ್ಟಿದಂದು ಆ ನಿಯಮಗಳು ಮುರಿದವು. ಕೊನೆಗೆ ಭೀಮನು ತೊಡೆಗೆ ಹೊಡೆದಾಗ, ನಾಭಿಯ ಕೆಳಗೆ ಗದೆಯನ್ನು ಬೀಸಕೂಡದೆಂಬ ಧರ್ಮವನ್ನು ಬಲ್ಲ ಬಲರಾಮನು ಕೆರಳಿ ಎದ್ದನು. ಈ ಕಥೆಯನ್ನು ಕೇಳಿ, ಭೀಮನು ಮಾಡಿದ್ದು ಸರಿಯೇ ಎಂದು ಹುಡುಗನು ಕೇಳುವನು. ಅವಸರದಿಂದ ತೀರ್ಪು ಕೊಡಬೇಡಿರಿ. ದ್ರೌಪದಿಗಾದ ಅವಮಾನವನ್ನೂ ಭೀಮನ ಪ್ರತಿಜ್ಞೆಯನ್ನೂ ಅವನ ಮುಂದಿಟ್ಟು ನಾಲ್ಕು ದಿನ ಅವನೇ ವಿಚಾರಿಸಲಿ. ಪಂಡಿತರು ಇಂದಿಗೂ ವಿಚಾರಿಸುತ್ತಲೇ ಇದ್ದಾರೆ.

ದಾಳವೆಂದೊಡನೆ ಜೂಜಿನ ಭಯವು ಕೆಲವರನ್ನು ಕಾಡುವದು. ಋಗ್ವೇದದ ಅಕ್ಷಸೂಕ್ತದಲ್ಲಿ ಜೂಜುಗಾರನ ಗೋಳನ್ನು ಓದಿದವರಿಗೆ ಅದು ಸಹಜವೇ. ಆದರೆ ಧರ್ಮರಾಜನನ್ನು ಕೆಡಿಸಿದ್ದು ದಾಳವಲ್ಲ, ಒಡ್ಡಿದ ಪಣ. ಕಾಸಾಗಲಿ ತಿಂಡಿಯಾಗಲಿ ಪಣವಾಗಿ ಮನೆಯ ಆಟದೊಳಗೆ ಬರಗೊಡಬಾರದು. ಇದೊಂದು ಕಟ್ಟಳೆಗೆ ಅಪವಾದವಿರಕೂಡದು.

ಆಂಗ್ಲ ಲೇಖಕನಾದ ಎಚ್. ಜಿ. ವೆಲ್ಸನು 1913ರಲ್ಲಿ ಆಟಿಗೆಯ ಸಿಪಾಯಿಗಳಿಂದ ಆಡುವ ಯುದ್ಧಕ್ಕೆ ಒಂದು ಪುಸ್ತಕವನ್ನೇ ಬರೆದನು. ಇಂಥ ಆಟವನ್ನು ಆಡಿ ನೋಡಿದವನಿಗೆ ನಿಜವಾದ ಯುದ್ಧವು ಎಂಥ ಘೋರ ಪ್ರಮಾದವೆಂಬದು ಹೊಳೆಯುವದೆಂದು ಅವನ ಅಭಿಪ್ರಾಯ. ಮರುವರುಷವೇ, 1914ರಲ್ಲಿ, ಮಹಾಯುದ್ಧವು ಹೊತ್ತಿತು. ಬೀಜಗಳೆಲ್ಲ ತೀರಿದ ವೀರನು ಸತ್ತನೆಂದು ನಮ್ಮ ಮನೆಯ ಹುಡುಗನು ಒಪ್ಪುವದಿಲ್ಲ. "ಅಂವ ಸತ್ತಿಲ್ಲಜ್ಜಾ, ಕೂತು ದಣಿವು ಆರಿಸಿಕೊಳ್ಳಲಿಕ್ಕತ್ತಾನ" ಎಂದು ಚೀಟಿಯನ್ನು ಗೋಡೆಗೆ ಆನಿಸಿಡುವನು. ನಾನು ತಿದ್ದಲು ಹೋಗುವದಿಲ್ಲ. ಬಿದ್ದವರು ನಾಳೆ ಎದ್ದು ಬರುವ ಯುದ್ಧವು ಆಟದಲ್ಲಿ ಮಾತ್ರ ಉಂಟು. ಹೊರಗಿನ ಯುದ್ಧದಲ್ಲಿ ಹಾಗಿಲ್ಲವೆಂಬದನ್ನು ಕುರುಕ್ಷೇತ್ರದ ಕಥೆಯೇ ಅವನಿಗೆ ಸಾವಕಾಶವಾಗಿ ತಿಳಿಸುವದು. ಅಷ್ಟರವರೆಗೆ ಸಂಜೆಯ ಅರ್ಧ ತಾಸನ್ನು ಹಿರಿಯರು ಚಾಪೆಯ ಮೇಲೆ ಕಿರಿಯರ ಎದುರಿಗೆ ಕೂತು, ಮೋಸವಿಲ್ಲದೆ ಆಡಲಿ.