ಕಂಪ್ಯೂಟರಿಗೂ ಬೇಸಿಗೆ ಬರುತ್ತದೆ

ನಮ್ಮ ಸಿಂಧನೂರು ಸೀಮೆಯಲ್ಲಿ ಕೂಲರ್ ಎಂದರೆ ಕಿಟಕಿಯ ಬಳಿ ಇಟ್ಟು ನೀರು ತುಂಬಿಸುವ ಯಂತ್ರ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವಾಗ ಅದಿಲ್ಲದೆ ಮಧ್ಯಾಹ್ನ ಕಳೆಯುವುದು ಕಷ್ಟ. ಕಳೆದ ಬೇಸಿಗೆಯಲ್ಲಿ ಜವಳಗೇರಾದಿಂದ ತಂಗಿ ಫೋನ್ ಮಾಡಿ, "ಆಪಾ, ಮಗಳು 8,000 ರೂಪಾಯಿಯ ಕೂಲರ್ ಕೇಳುತ್ತಿದ್ದಾಳೆ" ಎಂದಳು. "ಕೊಡಿಸು, ಸೆಕೆ ನೋಡು ಹೇಗಿದೆ" ಎಂದೆ. "ಅವಳಿಗಲ್ಲ ಆಪಾ, ಅವಳ ಕಂಪ್ಯೂಟರಿಗಂತೆ!"

ನನಗೆ ನಗು ಬಂತು. ಆದರೆ ತಂಗಿ ನಗುವ ಸ್ಥಿತಿಯಲ್ಲಿ ಇರಲಿಲ್ಲ. ಹೊಲಿಗೆಯಿಂದ ಉಳಿಸಿದ ಹಣದಲ್ಲಿ ಮಗಳಿಗೆ ಕಂಪ್ಯೂಟರ್ ಕೊಡಿಸಿದ್ದಳು. ಇಂಜಿನಿಯರಿಂಗ್ ಮುಗಿಸಿದ ಹುಡುಗಿ ಮನೆಯಲ್ಲೇ ಕುಳಿತು ಮನೆಗಳ ನಕ್ಷೆ, ತ್ರೀಡಿ ಚಿತ್ರ ಮಾಡಿಕೊಟ್ಟು ಸಂಪಾದಿಸುತ್ತಾಳೆ. ಬಿಸಿಲು ಏರಿದಂತೆ ಯಂತ್ರ ನಿಧಾನವಾಯಿತು, ಫ್ಯಾನ್ ಕಿರುಚತೊಡಗಿತು. ಒಂದು ಗಂಟೆಯ ಕೆಲಸಕ್ಕೆ ಎರಡು ಗಂಟೆ ಹಿಡಿಯಿತು. ಕೆಲಸ ತಡವಾದರೆ ಗಿರಾಕಿಗಳು ಬೇರೆಯವರ ಬಳಿ ಹೋಗುತ್ತಾರೆ. ಜೋಡಿಸಿಕೊಟ್ಟ ಅಂಗಡಿಯವರು, "ನೀರಿನ ಕೂಲರ್ ಹಾಕಿಸಿ, ಇಲ್ಲವಾದರೆ ಸುಟ್ಟುಹೋಗುತ್ತದೆ" ಎಂದರಂತೆ. ಕೈಯಲ್ಲಿದ್ದ 8,000 ರೂಪಾಯಿ ಮಾತ್ರ ಕಿರಿಯ ಮಗನ ಕಾಲೇಜು ಫೀಸಿನದು.

ಭಾನುವಾರ ನಮ್ಮ ಶಾಲೆಯ ಕಂಪ್ಯೂಟರ್ ಶಿಕ್ಷಕಿಯನ್ನು ಕರೆದುಕೊಂಡು ಜವಳಗೇರಾಕ್ಕೆ ಹೋದೆ. ಅವರು ಮೊದಲು ವಿಷಯ ತಿಳಿಸಿದರು. ಕಂಪ್ಯೂಟರಿನ ಮೆದುಳಾದ ಪ್ರೊಸೆಸರ್ ತಿನ್ನುವ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗುತ್ತದೆ. ಆ ಶಾಖವನ್ನು ತಾಮ್ರದ ಕೊಳವೆಗಳು ಎಳೆದುಕೊಂಡು ಅಲ್ಯೂಮಿನಿಯಂ ರೆಕ್ಕೆಗಳಿಗೆ ಕೊಡುತ್ತವೆ, ಫ್ಯಾನ್ ಅದನ್ನು ಹೊರಗೆ ಊದುತ್ತದೆ. ಬಿಸಿ ಸಾರಿನಲ್ಲಿಟ್ಟ ಸ್ಟೀಲ್ ಸೌಟಿನ ಹಿಡಿ ಕಾದಂತೆಯೇ ಇದು. ನೀರಿನ ಕೂಲರ್ ಕೂಡ ಶಾಖವನ್ನು ನುಂಗುವುದಿಲ್ಲ, ಪಂಪಿನ ಮೂಲಕ ಬೇರೆ ಕಡೆಗೆ ಸಾಗಿಸುತ್ತದೆ ಅಷ್ಟೆ. ಎರಡರಲ್ಲಿ ಯಾವುದೂ ಕೋಣೆಯ ಗಾಳಿಗಿಂತ ತಂಪು ಮಾಡಲಾರದು.

ಈ ಕೊನೆಯ ಮಾತನ್ನು ನಮ್ಮ ಊರಿನವರು ಗಮನಿಸಬೇಕು. ಒಂದು ಕೂಲರ್ ಪ್ರೊಸೆಸರನ್ನು ಕೋಣೆಗಿಂತ 45 ಡಿಗ್ರಿ ಹೆಚ್ಚಿನಲ್ಲಿ ನಿಲ್ಲಿಸುತ್ತದೆ ಎನ್ನಿ. 24 ಡಿಗ್ರಿಯ ಎಸಿ ಕೋಣೆಯಲ್ಲಿ ಅದು 69 ತೋರಿಸುತ್ತದೆ. ಅದೇ ಕೂಲರ್ 40 ಡಿಗ್ರಿಯ ನಮ್ಮ ಕೋಣೆಯಲ್ಲಿ 85 ತೋರಿಸುತ್ತದೆ. ವೀಡಿಯೋ ನೋಡಿ ಕೂಲರ್ ಆರಿಸುವವರು ಈ ವ್ಯತ್ಯಾಸವನ್ನು ಮರೆಯುತ್ತಾರೆ.

ಹುಡುಗಿಯದು ಎಎಂಡಿ ಕಂಪನಿಯ ರೈಜನ್ 7 7700ಎಕ್ಸ್ ಪ್ರೊಸೆಸರ್. ಅದು ಮುಟ್ಟಬಹುದಾದ ಮಿತಿ 95 ಡಿಗ್ರಿ. ಅಲ್ಲಿಗೆ ಬಂದಾಗ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ, ಕೂಡಲೇ ಸುಟ್ಟುಹೋಗುವುದಿಲ್ಲ. ಇದನ್ನು ಕೇಳಿ ತಂಗಿ ನಿಟ್ಟುಸಿರು ಬಿಟ್ಟಳು. ಆಮೇಲೆ ಶಿಕ್ಷಕಿ ಇದ್ದ ಕೂಲರನ್ನು ಬಿಚ್ಚಿದರು. ಅದರ ತಳಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಅಂಟಿಕೊಂಡೇ ಇತ್ತು! ಕೂರಿಸುವ ಮೊದಲು ತೆಗೆಯಬೇಕೆಂದು ಅದರ ಮೇಲೆಯೇ ಬರೆದಿತ್ತು. "ಈ ಸೆಕೆಯಲ್ಲಿ ಪಾಪ, ಕಂಬಳಿ ಹೊದ್ದು ದುಡಿಯುತ್ತಿತ್ತು" ಎಂದಳು ತಂಗಿ.

ಹಾಳೆ ತೆಗೆದು, ಒರೆಸಿ, ಬಟಾಣಿ ಕಾಳಿನಷ್ಟು ಹೊಸ ಥರ್ಮಲ್ ಪೇಸ್ಟ್ ಇಟ್ಟು ಕೂರಿಸಿದೆವು. ಎರಡು ಲೋಹಗಳ ನಡುವಿನ ಕಣ್ಣಿಗೆ ಕಾಣದ ಸಂದುಗಳನ್ನು ತುಂಬುವುದು ಈ ಪೇಸ್ಟಿನ ಕೆಲಸ. ಬಳಿಕ ಬಯಾಸ್ ಸೆಟ್ಟಿಂಗಿಗೆ ಹೋಗಿ ಇಕೋ ಮೋಡ್‌ನಲ್ಲಿ 65 ವ್ಯಾಟ್ ಆರಿಸಿದರು. ಆ ಮಧ್ಯಾಹ್ನ ಪೂರ್ತಿ ದುಡಿಸಿದರೂ ಯಂತ್ರ 80 ಡಿಗ್ರಿ ದಾಟಲಿಲ್ಲ. ವೇಗ ತುಸು ಕಡಿಮೆಯಾಯಿತು, ಆದರೆ ಒಂದೇ ಸಮನೆ ಉಳಿಯಿತು. ಪೇಸ್ಟಿನ ಟ್ಯೂಬಿನ ಹೊರತು ಖರ್ಚಿಲ್ಲ.

ಹಾಗಾದರೆ ಹೊಸದಾಗಿ ಕೊಳ್ಳುವವರು ಏನು ನೋಡಬೇಕು? ನಾಲ್ಕು ವಿಷಯ ಕೇಳಿ ತಿಳಿದುಕೊಳ್ಳಿ.

ಮೊದಲನೆಯದು, ಪ್ರೊಸೆಸರ್ ಎಷ್ಟು ವ್ಯಾಟ್ ತಿನ್ನುತ್ತದೆ? ಪೆಟ್ಟಿಗೆಯ ಮೇಲಿನ ಅಂಕಿಯೊಂದೇ ಸಾಲದು. ಇಂಟೆಲ್ ಐ7-14700ಕೆ ಗೆ ಬರೆದಿರುವುದು 125 ವ್ಯಾಟ್, ಪೂರ್ತಿ ಓಡಿದಾಗ 253 ವ್ಯಾಟ್. ಇಂಥದನ್ನು ದಿನವಿಡೀ ದುಡಿಸುವವರಿಗೆ ದೊಡ್ಡ ನೀರಿನ ಕೂಲರ್ ಬೇಕಾದೀತು. ಅದರ ಬದಲು ರೈಜನ್ 7 7700 ನಂಥ 65 ವ್ಯಾಟಿನದನ್ನು ಆರಿಸಿದರೆ ಕೂಲರಿನ ಹಣವೂ ಉಳಿಯುತ್ತದೆ. ಪೆಟ್ಟಿಗೆಯಲ್ಲೇ ಕೂಲರ್ ಬರುತ್ತದೆಯೇ ಎಂದು ಬಿಲ್ ಮಾಡಿಸುವ ಮೊದಲೇ ಕೇಳಿ.

ಎರಡನೆಯದು, ಕ್ಯಾಬಿನೆಟ್ಟಿನಲ್ಲಿ ಕೂಲರ್ ಹಿಡಿಸುತ್ತದೆಯೇ? ಡೀಪ್‌ಕೂಲ್ ಎಕೆ400 ನಂಥ 120 ಮಿಲಿಮೀಟರ್ ಫ್ಯಾನಿನ, ನಾಲ್ಕು ಕೊಳವೆಯ ಕೂಲರ್ ಮಧ್ಯಮ ಕೆಲಸಕ್ಕೆ ಸಾಕು. ಆದರೆ ಅದು 155 ಮಿಲಿಮೀಟರ್ ಎತ್ತರ. ಇದಕ್ಕಿಂತ ಹೆಚ್ಚು ಶಾಖವಿದ್ದರೆ ಎರಡು ಗೋಪುರ, ಆರು ಕೊಳವೆಯ ಗಾಳಿ ಕೂಲರುಗಳಿವೆ.

ಮೂರನೆಯದು, ಕೆಟ್ಟರೆ ಏನು ಗತಿ? ಗಾಳಿ ಕೂಲರಿನಲ್ಲಿ ಕೆಡುವುದು ಫ್ಯಾನ್ ಮಾತ್ರ, ಅದನ್ನು ಬದಲಿಸಬಹುದು. ನೀರಿನದರಲ್ಲಿ ಪಂಪ್ ನಿಂತರೆ ಸಾಮಾನ್ಯವಾಗಿ ಇಡೀ ಕೂಲರನ್ನೇ ಬದಲಿಸಬೇಕು. ಪೇಟೆಯಿಂದ ದೂರವಿರುವವರು ಇದನ್ನು ಯೋಚಿಸಲೇಬೇಕು.

ನಾಲ್ಕನೆಯದು, ಕ್ಯಾಬಿನೆಟ್ಟಿಗೆ ಗಾಳಿ ಒಳಬಂದು ಹೊರಹೋಗುವ ದಾರಿ ಇದೆಯೇ? ಮುಂಭಾಗ ಗಾಜಿನಿಂದ ಮುಚ್ಚಿದ, ಬಣ್ಣದ ದೀಪಗಳ ಕ್ಯಾಬಿನೆಟ್ ಚೆಂದ ಕಾಣುತ್ತದೆ. ಒಳಗೆ ಬಿಸಿ ಗಾಳಿಯೇ ಸುತ್ತುತ್ತಿದ್ದರೆ ಯಾವ ಕೂಲರ್ ತಾನೇ ಏನು ಮಾಡೀತು?

ಕೊಂಡ ಮೇಲೂ ಆರೈಕೆ ಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ನಮ್ಮ ಸೀಮೆಯಲ್ಲಿ ಭತ್ತ ಕೊಯ್ಯುವ ಕಾಲಕ್ಕೆ ಧೂಳು ಮನೆಯೊಳಗೂ ಬರುತ್ತದೆ. ತಿಂಗಳಿಗೊಮ್ಮೆ ಪ್ಲಗ್ ಕಿತ್ತು, ಫ್ಯಾನನ್ನು ಬೆರಳಿನಿಂದ ಹಿಡಿದು, ಮೃದುವಾದ ಬ್ರಷ್ಷಿನಿಂದ ಧೂಳು ತೆಗೆಯಿರಿ. ನೀರಿನ ಏರ್ ಕೂಲರಿನ ತೇವದ ಗಾಳಿ ನೇರವಾಗಿ ಕಂಪ್ಯೂಟರಿಗೆ ಬಡಿಯದಿರಲಿ. ದೀರ್ಘ ಕೆಲಸವನ್ನು ಇಶಾ ನಮಾಜಿನ ಬಳಿಕ ಹಚ್ಚಿಟ್ಟರೆ ಯಂತ್ರಕ್ಕೂ ಹಿತ. ನಮ್ಮ ಹುಡುಗಿ ಈಗ ಹಾಗೆಯೇ ಮಾಡುತ್ತಾಳೆ.

ಮಕ್ಕಳು ಕಂಪ್ಯೂಟರಿನ ಸಾಮಾನು ಕೇಳಿದಾಗ "ನಮಗೇನು ತಿಳಿಯುತ್ತದೆ" ಎಂದು ಸಹೋದರಿಯರು ಸುಮ್ಮನೆ ಹಣ ಕೊಡುತ್ತಾರೆ, ಇಲ್ಲವೇ ಸುಮ್ಮನೆ ಗದರುತ್ತಾರೆ. ಎರಡೂ ಬೇಡ. ಯಾಕೆ ಬೇಕು, ಎಷ್ಟು ಬೇಕು, ಇರುವುದರಲ್ಲಿ ಏನು ದೋಷ ಎಂದು ಜೊತೆಗೆ ಕುಳಿತು ಕೇಳಿ. ತಂಗಿಯ 8,000 ರೂಪಾಯಿ ಜೂನ್ ತಿಂಗಳಲ್ಲಿ ಮಗನ ಕಾಲೇಜಿಗೆ ಸಂದಾಯವಾಯಿತು.