ಸೂರ್ಯ ನಂದಿಹೋದ ಮಧ್ಯಾಹ್ನ

ಮಕ್ಕಳೇ, ಬರೆದಿಡದ ಲೆಕ್ಕ ಲೆಕ್ಕವೇ ಅಲ್ಲ ಎಂಬುದು ಬ್ಯಾಂಕಿನ ನಿಯಮ. ಅಷ್ಟು ವರ್ಷ ಲೆಡ್ಜರ್ ಮುಂದೆ ಕುಳಿತ ನನಗೆ ಆ ನಿಯಮ ಮೈಗೂಡಿಬಿಟ್ಟಿದೆ. ಈ ವಾರದ ಕಥೆಯಲ್ಲಿ ಲೆಡ್ಜರೂ ಇಲ್ಲ, ಓಚರೂ ಇಲ್ಲ. ಆದರೂ ಲೆಕ್ಕ ತಾಳೆಯಾಗಿದೆ!

ಆಫ್ರಿಕಾದ ನಟ್ಟನಡುವೆ ಕಾಂಗೋ ದೇಶವಿದೆ. ಅಲ್ಲಿಯ ಕಸಾಯಿ ನದಿಯ ಸೀಮೆಯಲ್ಲಿ ಕೂಬಾ ಎಂಬ ಜನರ ರಾಜ್ಯವಿತ್ತು. ಅವರಲ್ಲಿ ಬರಹವಿರಲಿಲ್ಲ. ಅರಸರ ಹೆಸರುಗಳನ್ನೂ ಒಬ್ಬೊಬ್ಬರ ಕಾಲದಲ್ಲಿ ನಡೆದದ್ದನ್ನೂ ಆಸ್ಥಾನದ ಹಿರಿಯರು ಬಾಯಿಪಾಠ ಮಾಡಿಕೊಂಡು, ಮುಂದಿನವರಿಗೆ ಒಪ್ಪಿಸುತ್ತಿದ್ದರು. ನಾವು ಸಂಜೆ ದೀಪದ ಮುಂದೆ ಮಗ್ಗಿ ಒಪ್ಪಿಸುತ್ತಿದ್ದೆವಲ್ಲ, ಹಾಗೆ. ಬರಹವಿಲ್ಲದವರಿಗೆ ಇತಿಹಾಸ ಎಲ್ಲಿಂದ ಬರಬೇಕು ಎಂದು ಯೂರೋಪಿನ ದೊಡ್ಡ ಪಂಡಿತರೇ ಹೇಳುತ್ತಿದ್ದ ಕಾಲ ಅದು. ಆಫ್ರಿಕಾದ ನೆಲ ಕಿತ್ತುಕೊಂಡವರಿಗೆ ಆ ಮಾತು ಅನುಕೂಲವೂ ಆಗಿತ್ತು ಅನ್ನಿ.

1908ರ ಸುಮಾರಿಗೆ ಎಮಿಲ್ ಟೋರ್ಡೆ ಎಂಬ ಹಂಗೇರಿಯವರು ಬ್ರಿಟಿಷ್ ಮ್ಯೂಸಿಯಂ ಪರವಾಗಿ ಅಲ್ಲಿಗೆ ಹೋದರು. ಹಿರಿಯರು ಅರಸರ ಪಟ್ಟಿ ಹೇಳುತ್ತಾ ಹೋದರು, ಇವರು ಬರೆದುಕೊಳ್ಳುತ್ತಾ ಹೋದರು. 98ನೆಯ ಅರಸ ಬೋ ಕಾಮಾ ಬೊಮಂಚಾಲಾ. ಅವನ ಕಾಲದಲ್ಲಿ ವಿಶೇಷವೇನೂ ಇಲ್ಲವಂತೆ. ಒಂದು ದಿನ ನಡುಮಧ್ಯಾಹ್ನ ಸೂರ್ಯ ನಂದಿಹೋಗಿ ಸ್ವಲ್ಪ ಹೊತ್ತು ಕತ್ತಲಾಯಿತಂತೆ, ಅಷ್ಟೇ. ಟೋರ್ಡೆಗೆ ಕುಳಿತಲ್ಲಿ ಕೂರಲಾಗಲಿಲ್ಲ. ಅವರ ಚಡಪಡಿಕೆ ನೋಡಿ ಹಿರಿಯರು ಇವರಿಗೆ ಚೇಳು ಕುಟುಕಿತೇನೋ ಎಂದುಕೊಂಡರು!

ಚೇಳಲ್ಲ, ಗ್ರಹಣ. ಪಂಚಾಂಗದಲ್ಲಿ ಮುಂದಿನ ಗ್ರಹಣ ಹೇಳುತ್ತಾರಲ್ಲ, ಹಾಗೆ ಖಗೋಳಶಾಸ್ತ್ರದವರು ಹಿಂದಿನ ಗ್ರಹಣಗಳನ್ನೂ ಅವುಗಳ ನೆರಳು ಯಾವ ಊರಿನ ಮೇಲೆ ಹಾದುಹೋಯಿತು ಎಂಬುದನ್ನೂ ಲೆಕ್ಕ ಹಾಕಬಲ್ಲರು. ಕೆಲವು ತಿಂಗಳ ಮೇಲೆ ಉತ್ತರ ಸಿಕ್ಕಿತು. ದಿನಾಂಕ 1680ರ ಮಾರ್ಚ್ 30, ಪೂರ್ಣ ಸೂರ್ಯಗ್ರಹಣ, ನೆರಳು ಬಿದ್ದದ್ದು ಕೂಬಾ ಸೀಮೆಯ ಮೇಲೆ. ನಮ್ಮ ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು ಆಳುತ್ತಿದ್ದ ಕಾಲ. ಅಂದಿನ ಕತ್ತಲನ್ನು ಇನ್ನೂರಕ್ಕೂ ಹೆಚ್ಚು ವರ್ಷ ಬಾಯಿಂದ ಬಾಯಿಗೆ ದಾಟಿಸಿದ್ದರು. ಒಂದೇ ಊರಿನಲ್ಲಿ ಪೂರ್ಣ ಸೂರ್ಯಗ್ರಹಣ ಕಾಣಬೇಕಾದರೆ ಸರಾಸರಿ ಮುನ್ನೂರೈವತ್ತು ವರ್ಷಕ್ಕೂ ಹೆಚ್ಚು ಕಾಯಬೇಕು. ಆದ್ದರಿಂದ ಆ ಗ್ರಹಣ ಇದೇ ಎನ್ನಲು ಟೋರ್ಡೆಗೆ ಧೈರ್ಯ ಬಂತು.

ಹಾಗೆಂದು ಹಿರಿಯರು ಹೇಳಿದ್ದೆಲ್ಲ ನಿಜ ಎಂದು ಕಣ್ಣು ಮುಚ್ಚಿ ಸಹಿ ಹಾಕುವಂತಿಲ್ಲ. 1950ರ ದಶಕದಲ್ಲಿ ಯಾನ್ ವಾನ್ಸಿನಾ ಎಂಬ ಬೆಲ್ಜಿಯಂ ತರುಣ ಅಲ್ಲಿಗೆ ಹೋದರು. ಹೇಳುವವರು ಯಾರು, ಯಾರಿಂದ ಕೇಳಿದ್ದು, ಇನ್ನೊಬ್ಬರು ಬೇರೆ ಥರ ಹೇಳುತ್ತಾರೆಯೇ, ಹೀಗೆ ಹೇಳಿದರೆ ಲಾಭ ಯಾರಿಗೆ? ಪಕ್ಕಾ ಇನ್‌ಸ್ಪೆಕ್ಷನ್! ಟೋರ್ಡೆ ಬರೆದುಕೊಂಡ ಪಟ್ಟಿಯಲ್ಲಿ 121 ಹೆಸರುಗಳಿದ್ದವು. ತೀರಾ ಹಳೆಯವನ್ನು ವಾನ್ಸಿನಾ ಒಪ್ಪಲಿಲ್ಲ. ಬಾಯಿಮಾತನ್ನು ಹೀಗೆ ಪರೀಕ್ಷಿಸುವುದು ಹೇಗೆಂದು 1961ರಲ್ಲಿ ಪುಸ್ತಕವನ್ನೇ ಬರೆದರು.

ಕೂಬಾದವರ ಹೆಸರಾಂತ ಅರಸ ಶ್ಯಾಮ್. (ಹೌದು, ನಮ್ಮ ಶಾಮಣ್ಣನಂತೆಯೇ ಕೇಳಿಸುತ್ತದೆ. ಸಂಬಂಧವಿಲ್ಲ.) ಮುಸುಕಿನ ಜೋಳ, ಮರಗೆಣಸು, ಹೊಗೆಸೊಪ್ಪು ತಂದವನು ಅವನೇ ಎನ್ನುತ್ತಾರೆ. ಇವೆಲ್ಲ ಅಮೆರಿಕದ ಬೆಳೆಗಳು, ಕೊಲಂಬಸ್ ಹೋಗಿಬಂದ ಮೇಲಷ್ಟೇ ಆಫ್ರಿಕಾಕ್ಕೆ ಬಂದವು. ಹಾಗಾದರೆ ಶ್ಯಾಮ್ ಅದಕ್ಕಿಂತ ಹಿಂದಿನವನಾಗಿರಲಾರ. ವಾನ್ಸಿನಾ ಅವನನ್ನು ಇರಿಸಿದ್ದು 17ನೆಯ ಶತಮಾನದ ಮೊದಲ ಭಾಗದಲ್ಲಿ. ನೋಡಿ, ಇತಿಹಾಸದ ಲೆಕ್ಕವನ್ನು ಆಕಾಶದವರು ಒಂದು ಕಡೆ, ಗಿಡಗಳ ಶಾಸ್ತ್ರದವರು ಇನ್ನೊಂದು ಕಡೆ ತಾಳೆ ನೋಡಿಕೊಟ್ಟರು.

ಶ್ಯಾಮ್‌ನ ಮರದ ವಿಗ್ರಹವೊಂದನ್ನು ಟೋರ್ಡೆ ಲಂಡನ್ನಿಗೆ ಒಯ್ದರು. ಬ್ರಿಟಿಷ್ ಮ್ಯೂಸಿಯಂನಲ್ಲಿ ಈಗಲೂ ಇದೆ. ಅರಸ ಚಕ್ಕಳಮಕ್ಕಳ ಹಾಕಿ ಕುಳಿತಿದ್ದಾನೆ, ಎದುರಿಗೆ ಗುಳಿಗಳ ಮಣೆ. ನಮ್ಮ ಅಳಗುಳಿಮಣೆ, ಕರಾವಳಿಯವರ ಚೆನ್ನೆಮಣೆಯ ಜಾತಿಯದೇ ಆಟ! ಜೂಜು ಬಿಟ್ಟು ಇದನ್ನು ಆಡಿ ಎಂದು ಜನಕ್ಕೆ ಕಲಿಸಿದವನು ಅವನೇ ಎಂದು ಹೇಳುತ್ತಾರೆ. ಈ ಮಾತಿಗೆ ಗ್ರಹಣದ ಸಾಕ್ಷಿಯೂ ಇಲ್ಲ, ಗೆಣಸಿನ ಸಾಕ್ಷಿಯೂ ಇಲ್ಲ. ಆದರೂ ನಾನು ಪಾಸ್ ಮಾಡಿಬಿಟ್ಟಿದ್ದೇನೆ.