ಕಳೆ ಮಿಷನ್ ರಿಪೇರಿಗೆ ಬಿ.ಇ. ಯಾಕೆ ಅಂತೀರಾ?

ಲಾನ್ ಮೋವರ್ ರಿಪೇರಿ ಮಾಡಿ ದುಡ್ಡು ಸಂಪಾದಿಸೋದು ಅಮೆರಿಕದ ಹುಡುಗರ ಕಥೆ ಅಂತ ನಾವೂ ಅಂದುಕೊಂಡಿದ್ದೆವು. ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡಿನಲ್ಲಿ ಹುಲ್ಲುಹಾಸು ಎಲ್ಲಿಂದ ಬರಬೇಕು? ಅಲ್ಲಿರೋದು ಮಾವಿನ ತೋಟ. ಆದರೆ ಮಾವಿನ ಮರದ ಕೆಳಗೂ ಮಳೆ ಬಿದ್ದರೆ ಹುಲ್ಲು ಮೊಣಕಾಲುದ್ದ ಏಳುತ್ತೆ. ಅದನ್ನು ಕೊಯ್ಯೋಕೆ ಆಳು ಸಿಗೋದು ಕಷ್ಟವಾದ ಮೇಲೆ ಹೆಗಲಿಗೆ ನೇತುಹಾಕಿಕೊಳ್ಳುವ ಕಳೆ ಮಿಷನ್ ಬಂತು. ಔಷಧಿ ಹೊಡೆಯೋ ಮಿಷನ್ ಮೊದಲೇ ಇತ್ತು. ಎರಡರ ಹೊಟ್ಟೆಯಲ್ಲೂ ಇರೋದು ಲಾನ್ ಮೋವರ್‌ನ ಅಣ್ಣತಮ್ಮನಂಥ ಪುಟ್ಟ ಪೆಟ್ರೋಲ್ ಎಂಜಿನ್. ಅದು ಕೆಟ್ಟರೆ?

ಕೆಟ್ಟರೆ ಬೈಕ್ ಹಿಂದೆ ಕಟ್ಟಿಕೊಂಡು ಶ್ರೀನಿವಾಸಪುರಕ್ಕೋ, ಗಡಿ ದಾಟಿ ಮದನಪಲ್ಲಿಗೋ ಹೋಗಬೇಕು. 'ಪಾರ್ಟ್ ಬಂದಿಲ್ಲ, ನಾಳೆ ಬನ್ನಿ' ಅನ್ನೋ ಮಾತು ಕೇಳಿ ವಾಪಸ್ ಬರಬೇಕು. ಆ ನಾಳೆ ಬರೋಷ್ಟರಲ್ಲಿ ಹುಲ್ಲು ಬೀಜ ಉದುರಿಸಿರುತ್ತೆ. ರೈತ ಕಳೆದುಕೊಳ್ಳೋದು ರಿಪೇರಿಯ ಮುನ್ನೂರು ರೂಪಾಯಿ ಅಲ್ಲ, ಆ ವಾರ. ಈ ಕಸುಬಿನಲ್ಲಿ ಲಾಭ ಕೂತಿರೋದು ಆ ವಾರವನ್ನು ಉಳಿಸಿಕೊಡೋದರಲ್ಲಿ ಅನ್ನೋದು ನಮ್ಮ ವಾದ. ಇವತ್ತು ಬಿಟ್ಟು ಹೋದ ಮಿಷನ್ ನಾಳೆ ಬೆಳಿಗ್ಗೆ ಓಡಬೇಕು. ಅಷ್ಟು ಮಾಡುವವನಿಗೆ ಜನ ಐವತ್ತು ರೂಪಾಯಿ ಜಾಸ್ತಿ ಕೊಡ್ತಾರೆ.

ಹಾಗೆ ಮಾಡೋಕೆ ದೊಡ್ಡ ಗೋಡೌನ್ ಬೇಕಿಲ್ಲ. ಈ ಎಂಜಿನ್‌ಗಳು ಕೆಡೋದು ಕೈಬೆರಳಲ್ಲಿ ಎಣಿಸುವಷ್ಟು ಕಾರಣಗಳಿಗೆ. ನಾಲ್ಕು ತಿಂಗಳು ಟ್ಯಾಂಕಿನಲ್ಲೇ ಬಿಟ್ಟ ಪೆಟ್ರೋಲ್ ಒಣಗಿ ಅಂಟಾಗಿ ಕಾರ್ಬೊರೇಟರ್ ಕಟ್ಟಿಕೊಳ್ಳುತ್ತೆ. ಈಗ ಪೆಟ್ರೋಲಿಗೆ ಶೇ. 20ರವರೆಗೆ ಎಥನಾಲ್ ಬೆರೆಸುತ್ತಾರೆ. ಎಥನಾಲ್ ನೀರಿನ ಪಸೆ ಎಳೆದುಕೊಳ್ಳುತ್ತೆ, ಹಳೇ ಮಿಷನ್‌ಗಳ ರಬ್ಬರ್ ಡಯಾಫ್ರಮ್‌ಗೂ ಪೈಪಿಗೂ ಒಗ್ಗಲ್ಲ. ಏರ್ ಫಿಲ್ಟರ್‌ನಲ್ಲಿ ಕೆಂಪು ಧೂಳು ತುಂಬುತ್ತೆ. ಪ್ಲಗ್ ಕರಿ ಹಿಡಿಯುತ್ತೆ, ಸ್ಟಾರ್ಟರ್ ಹಗ್ಗ ಕಿತ್ತು ಬರುತ್ತೆ. ಎಲ್ಲಕ್ಕಿಂತ ದುಬಾರಿ ತಪ್ಪು ಅಂದ್ರೆ ಟೂ-ಸ್ಟ್ರೋಕ್ ಮಿಷನ್‌ಗೆ ಬರೀ ಪೆಟ್ರೋಲ್ ಸುರಿಯೋದು. ಪಕ್ಕದ ತೋಟದವನ ಹತ್ತಿರ ಫೋರ್-ಸ್ಟ್ರೋಕ್ ಇರುತ್ತೆ, ಅವನು ಪೆಟ್ರೋಲಿಗೆ ಆಯಿಲ್ ಬೆರೆಸಲ್ಲ, ಇವನೂ ಬೆರೆಸಲ್ಲ. ಪಿಸ್ಟನ್ ಸೀಜ್! ಲೀಟರಿಗೆ 20 ಮಿಲಿ ಹಾಕಿದರೆ 50ಕ್ಕೆ 1, 40 ಮಿಲಿ ಹಾಕಿದರೆ 25ಕ್ಕೆ 1. ಯಾವ ಮಿಷನ್‌ಗೆ ಯಾವುದು ಅಂತ ಟ್ಯಾಂಕಿನ ಮೇಲೆ ಪೇಂಟಿನಲ್ಲಿ ಕನ್ನಡದಲ್ಲಿ, ಬೇಕಾದರೆ ತೆಲುಗಿನಲ್ಲೂ ಬರೆದುಕೊಟ್ಟರೆ ಮುಗೀತು. (ಕನ್ನಡ ಸಂಘದವರು ಹೇಳೋ ಮಾತಲ್ಲ, ಆದರೂ ಆ ಗಡಿಯಲ್ಲಿ ತೆಲುಗು ಬರದವನು ಅರ್ಧ ಗಿರಾಕಿ ಕಳೆದುಕೊಂಡ ಹಾಗೆ.) ಹಾಗೆ ಬರೆದುಕೊಟ್ಟರೆ ನಮ್ಮ ವ್ಯಾಪಾರ ಕಮ್ಮಿ ಆಗಲ್ವಾ ಅಂತ ನಮ್ಮಲ್ಲೇ ಒಬ್ಬ ಕೇಳಿದ. ಸೀಜ್ ಆದ ಮಿಷನ್ ಎಷ್ಟೋ ಸಲ ರಿಪೇರಿಗೇ ಬರಲ್ಲ, ಮೂಲೆ ಸೇರುತ್ತೆ. ಓಡುವ ಮಿಷನ್ ವರ್ಷ ವರ್ಷ ಸರ್ವಿಸ್‌ಗೆ ಬರುತ್ತೆ.

ಲೆಕ್ಕಕ್ಕೆ ಬರೋಣ. ಇವು ನಮ್ಮ ಊಹೆಯ ಅಂಕಿಗಳು, ತಿದ್ದುವವರು ತಿದ್ದಿ. ಒಂದು ಸರ್ವಿಸ್‌ಗೆ ಕೂಲಿ 250, ಪಾರ್ಟ್‌ಗಳಲ್ಲಿ ಉಳಿಯೋದು 100. ದಿನಕ್ಕೆ ಎರಡು ಮಿಷನ್, ತಿಂಗಳಿಗೆ 25 ದಿನ ಅಂದ್ರೆ 17,500. ಬಾಡಿಗೆ, ಕರೆಂಟಿಗೆ 4,000 ಕಳೆದರೆ 13,500. ಸೀಸನ್‌ನಲ್ಲಿ ದಿನಕ್ಕೆ ನಾಲ್ಕಾದರೆ 31,000. ಮೊದಲನೆಯ ಅಂಕಿ ನೋಡಿ ಯಾರೂ ಕೆಲಸ ಬಿಡಲ್ಲ, ಸರಿ. ಆದರೆ ಸೀಸನ್ ಒಂದೇ ಅಲ್ಲ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಮಾವು ಹೂ ಬಿಡುವಾಗ ಜಿಗಿ ಹುಳುವಿಗೆ, ಬೂದಿ ರೋಗಕ್ಕೆ ಔಷಧಿ ಹೊಡೀಬೇಕು. ಆಗ ಸ್ಪ್ರೇಯರ್‌ಗಳು ಬರ್ತವೆ. ಜೂನ್‌ನಿಂದ ನವೆಂಬರ್‌ವರೆಗೆ ಕಳೆ ಮಿಷನ್. ಖಾಲಿ ಉಳಿಯೋದು ಮಾರ್ಚ್, ಏಪ್ರಿಲ್, ಮೇ. ಜಾಣನಾದವನು ಏಪ್ರಿಲ್‌ನಲ್ಲೇ ರೈತರಿಗೆ ಫೋನ್ ಮಾಡಿ, ಕೂಲಿಯಲ್ಲಿ ಐವತ್ತು ಬಿಟ್ಟು, ಮಳೆಗೆ ಮುಂಚೆ ಮಿಷನ್ ತರಿಸಿಕೊಳ್ಳಬೇಕು.

ನಮ್ಮ ಮೆಕ್ಯಾನಿಕ್‌ಗಳು ಸೋಲೋದು ಇನ್ನೊಂದು ಕಡೆ: ಕೂಲಿ ಕೇಳೋಕೆ ಸಂಕೋಚ. ಪ್ಲಗ್ಗಿನ ಬೆಲೆಯಲ್ಲೇ ಕೂಲಿ ಮುಚ್ಚಿಡ್ತಾರೆ, ರೈತ ಮೊಬೈಲ್‌ನಲ್ಲಿ ಪ್ಲಗ್ಗಿನ ರೇಟು ನೋಡಿ 'ಮೋಸ' ಅಂತಾನೆ. ಬಿಲ್ಲಿನಲ್ಲಿ ಪಾರ್ಟ್ ಬೇರೆ, ಕೂಲಿ ಬೇರೆ ಬರೀಬೇಕು. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ಸಣ್ಣ ಅಂಗಡಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಾಗ ಲೆಕ್ಕ ಬರೆದಿಟ್ಟವರೇ ಬಚಾವಾಗೋ ಸ್ಥಿತಿಯಲ್ಲಿ ಇದ್ದದ್ದು.

ಶುರು ಮಾಡೋಕೆ ಮುದ್ರಾ ಯೋಜನೆಯ ಶಿಶು ಸಾಲ 50,000ದವರೆಗೆ ಸಿಗುತ್ತೆ. ಟೂಲ್ಸ್‌ಗೂ ಸಣ್ಣ ಪಾರ್ಟ್‌ಗಳಿಗೂ ಅಷ್ಟು ಸಾಕು. 2023ರಲ್ಲಿ ಬಂದ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬೀಗ ಮಾಡುವವರೂ ಹೂ ಕಟ್ಟುವವರೂ ಇದ್ದಾರೆ, ಎಂಜಿನ್ ಮೆಕ್ಯಾನಿಕ್ ಮಾತ್ರ ಇಲ್ಲ. ಇರಬೇಕಿತ್ತು ಅಂತ ನಮ್ಮ ಅಭಿಪ್ರಾಯ.

ಇನ್ನು ತಲೆಬರಹದ ಪ್ರಶ್ನೆ. 'ಬಿ.ಇ. ಓದಿ ಮೆಕ್ಯಾನಿಕ್ಕಾ' ಅಂತ ಮನೆಯವರು ಕೇಳ್ತಾರೆ. ನಿಜ ಹೇಳಬೇಕು ಅಂದ್ರೆ ಐಟಿಐ ಹುಡುಗನ ಕೈಗೆ ಇರೋ ಬುದ್ಧಿ ನಮಗಿಲ್ಲ. ಟೂ-ಸ್ಟ್ರೋಕ್ ಸೈಕಲ್ ಬೋರ್ಡ್ ಮೇಲೆ ಬರೀತೀವಿ, ಡಯಾಫ್ರಮ್ ತಲೆಕೆಳಗಾಗಿ ಕೂರಿಸ್ತೀವಿ. ನಮಗೆ ಬರೋದು ಲೆಕ್ಕ, ಸ್ಟಾಕ್, ಯಾವ ತಿಂಗಳು ಯಾವ ಪಾರ್ಟ್ ಅನ್ನೋ ಅಂದಾಜು. ಇಬ್ಬರೂ ಪಾಲುದಾರರಾದರೆ ಅಂಗಡಿ ನಿಲ್ಲುತ್ತೆ.

ಅದಕ್ಕೇ ಸಂಘದ ಮುಂದೆ ಒಂದು ಬೇಡಿಕೆ ಇಡ್ತಿದ್ದೀವಿ. ಈ ಸಲ ರಾಜ್ಯೋತ್ಸವದ ಆರ್ಕೆಸ್ಟ್ರಾ ಖರ್ಚಿನಲ್ಲಿ ಸ್ವಲ್ಪ ಉಳಿಸಿ, ಏಪ್ರಿಲ್‌ನಲ್ಲಿ ರಾಯಲ್ಪಾಡಿನಲ್ಲಿ ಎರಡು ದಿನ ಸರ್ವಿಸ್ ಶಿಬಿರ ಇಡೋಣ. ಕಲಿಸೋಕೆ ಅಲ್ಲಿನ ಮೆಕ್ಯಾನಿಕ್ ಒಬ್ಬರನ್ನು ದಿನಗೂಲಿ ಕೊಟ್ಟೇ ಕರೀಬೇಕು, ಶಾಲು ಹೊದಿಸಿ ಕಳಿಸೋದು ಬೇಡ. ಪ್ಲಗ್ ಸ್ಪ್ಯಾನರ್ ನಾವೇ ತರ್ತೀವಿ.